ಔಷಧದ ಹೆಸರಿನಲ್ಲಿ ಭೋಗ

ಕಳೆದ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ಒಂದು ಸಂಜೆ. ಬಸದಿಯಲ್ಲಿ ಉತ್ತಮ ತಪ ಧರ್ಮವನ್ನು ಕುರಿತ ಉಪನ್ಯಾಸ ಮುಗಿದಿತ್ತು. ಹಿರಿಯ ಶ್ರಾವಕರೊಬ್ಬರು ಎಲ್ಲರೂ ಚದುರುವವರೆಗೆ ಕಾದಿದ್ದು ಹತ್ತಿರ ಬಂದರು. ಪರ್ವದ ಹತ್ತು ದಿನ ಸಿಹಿಯನ್ನು ಮುಟ್ಟುವುದಿಲ್ಲವೆಂದು ಅವರು ನಿಯಮ ತೆಗೆದುಕೊಂಡಿದ್ದರು. “ಪಂಡಿತರೇ, ಮೊಮ್ಮಗ ಊರಿಗೆ ಬರುವಾಗ ಕಪ್ಪು ಚಾಕೊಲೇಟ್ ತಂದುಕೊಟ್ಟಿದ್ದಾನೆ. ಅದು ಹೃದಯಕ್ಕೆ ಒಳ್ಳೆಯದಂತೆ, ರಕ್ತದೊತ್ತಡವನ್ನೂ ಇಳಿಸುತ್ತದಂತೆ. ಔಷಧವೆಂದು ಭಾವಿಸಿ ದಿನಕ್ಕೊಂದು ತುಂಡು ತೆಗೆದುಕೊಂಡರೆ ನಿಯಮಕ್ಕೆ ಭಂಗ ಬರುತ್ತದೆಯೇ?” ಎಂದು ಕೇಳಿದರು.

ಮೇಲ್ನೋಟಕ್ಕೆ ಇದು ಚಿಕ್ಕ ಪ್ರಶ್ನೆ. ಆದರೂ ಆ ಕ್ಷಣದಲ್ಲಿ ಉತ್ತರ ಹೇಳಲು ನನ್ನಿಂದಾಗಲಿಲ್ಲ. ನಾಳೆ ಹೇಳುವೆನೆಂದು ಬೀಳ್ಕೊಂಡೆ. ಹೋಳಿಗೆಯನ್ನು ಹೋಳಿಗೆಯೆಂದೇ, ಲಾಡನ್ನು ಲಾಡೆಂದೇ ತಿನ್ನುತ್ತಿದ್ದ ಕಾಲದಲ್ಲಿ ಇಂಥ ಸಂದೇಹಕ್ಕೆ ಎಡೆಯಿರಲಿಲ್ಲ. ತಿಂದವನಿಗೆ ತಾನು ರುಚಿಗಾಗಿ ತಿಂದೆನೆಂಬುದು ತಿಳಿದಿರುತ್ತಿತ್ತು. ಬಿಟ್ಟವನಿಗೆ ತಾನು ರುಚಿಯನ್ನು ಬಿಟ್ಟೆನೆಂಬುದು ಗೊತ್ತಿರುತ್ತಿತ್ತು. ಇಂದು ಸಿಹಿಯು ವೈದ್ಯನ ವೇಷ ತೊಟ್ಟು ಮನೆಯೊಳಗೆ ಬರುತ್ತಿದೆ. ಭೋಗ ಯಾವುದು, ಔಷಧ ಯಾವುದು ಎಂಬ ವಿವೇಕವೇ ಮಸುಕಾಗುತ್ತಿದೆ. ಆದ್ದರಿಂದ ಆ ಪ್ರಶ್ನೆಯನ್ನು ತುಸು ವಿಸ್ತಾರವಾಗಿಯೇ ವಿಚಾರಿಸುವುದು ಯುಕ್ತ.

ಚಾಕೊಲೇಟಿನ ಮೂಲವಾದ ಕೋಕೊ ನಮಗೆ ಅಪರಿಚಿತ ವಸ್ತುವೇನೂ ಅಲ್ಲ. ಅದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಮರಕ್ಕೆ ‘ದೇವತೆಗಳ ಆಹಾರ’ ಎಂಬ ಅರ್ಥದ ಹೆಸರನ್ನು ಕೊಟ್ಟನು. ಇಂದು ಅದು ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಮಿಶ್ರಬೆಳೆಯಾಗಿ ಬೆಳೆಯುತ್ತಿದೆ. ಮಂಗಳೂರಿನಲ್ಲಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಆರಂಭಿಸಿತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಾರ್ಕಳ, ವೇಣೂರುಗಳ ಗೊಮ್ಮಟನ ದರ್ಶನಕ್ಕೂ ಹೋಗುವ ಯಾತ್ರಿಕರು ಆ ಸೀಮೆಯ ತೋಟಗಳಲ್ಲಿ, ಕಾಂಡಕ್ಕೇ ಅಂಟಿಕೊಂಡಂತೆ ಬಿಟ್ಟಿರುವ ಕೋಕೊ ಕಾಯಿಗಳನ್ನು ನೋಡಿರಲೂ ಸಾಕು. ಪರದೇಶದ ಪದಾರ್ಥವೆಂದು ಹಳಿದುಬಿಟ್ಟರೆ ಈ ವಿಚಾರ ಮುಗಿಯುವುದಿಲ್ಲ.

ವಿಜ್ಞಾನವು ಏನನ್ನು ಹೇಳಿದೆ? ಕೋಕೊ ಬೀಜದಲ್ಲಿ ಫ್ಲೇವನಾಲ್ ಎಂಬ ಸಂಯುಕ್ತಗಳಿವೆ. ಅವು ರಕ್ತನಾಳಗಳ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಗೆ ಸಹಾಯಕವಾಗಿ, ನಾಳಗಳು ಸಡಿಲಗೊಂಡು ರಕ್ತ ಸರಾಗವಾಗಿ ಹರಿಯುವಂತೆ ಮಾಡುತ್ತವೆ. ದಿನಕ್ಕೆ 200 ಮಿಲಿಗ್ರಾಂ ಕೋಕೊ ಫ್ಲೇವನಾಲ್ ರಕ್ತನಾಳಗಳ ಸ್ಥಿತಿಸ್ಥಾಪಕತೆಗೆ ನೆರವಾಗುತ್ತದೆಂಬ ಮಾತನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2012ರಲ್ಲಿ ಒಪ್ಪಿಕೊಂಡಿತು. ಅಮೆರಿಕದಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ವಯೋವೃದ್ಧರನ್ನು ಒಳಗೊಂಡು ನಡೆದ ‘ಕಾಸ್ಮಾಸ್’ ಎಂಬ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಪ್ರತಿದಿನ 500 ಮಿಲಿಗ್ರಾಂ ಕೋಕೊ ಫ್ಲೇವನಾಲನ್ನು ಸರಾಸರಿ ಮೂರೂವರೆ ವರ್ಷ ಸೇವಿಸಿದವರಲ್ಲಿ ಹೃದಯ ಮತ್ತು ರಕ್ತನಾಳಗಳ ಒಟ್ಟು ತೊಂದರೆಗಳು ಖಚಿತವಾಗಿ ತಗ್ಗಿದವೆಂದು ಹೇಳಲಾಗಲಿಲ್ಲ. ಆದರೆ ಆ ಕಾರಣದಿಂದ ಸಂಭವಿಸುವ ಮರಣದ ಪ್ರಮಾಣ ಶೇ 27ರಷ್ಟು ಕಡಿಮೆ ಕಂಡಿತು. ಹಿರಿಯ ಶ್ರಾವಕರ ಮೊಮ್ಮಗ ಹೇಳಿದ ಮಾತು ಪೂರ್ತಿ ಸುಳ್ಳಲ್ಲ. ಅದನ್ನು ಮೊದಲು ಒಪ್ಪಿಕೊಳ್ಳುವುದು ಸತ್ಯಾಣುವ್ರತಿಯ ಕರ್ತವ್ಯ.

ಆದರೆ ಆ ಸತ್ಯ ಎಷ್ಟು ದೂರ ಸಲ್ಲುತ್ತದೆ? ಆ ಅಧ್ಯಯನದಲ್ಲಿ ಜನರಿಗೆ ಕೊಟ್ಟದ್ದು ಚಾಕೊಲೇಟನ್ನಲ್ಲ, ಫ್ಲೇವನಾಲ್ ತುಂಬಿದ ಮಾತ್ರೆಯನ್ನು. ಅದಕ್ಕೆ ಚಾಕೊಲೇಟ್ ತಯಾರಿಕಾ ಕಂಪನಿಯೊಂದರ ನೆರವೂ ಇತ್ತು. ಕೋಕೊ ಬೀಜವು ಅಂಗಡಿಯ ಚಾಕೊಲೇಟ್ ಆಗುವ ಮೊದಲು ಹುಳಿಯುತ್ತದೆ, ಒಣಗುತ್ತದೆ, ಹುರಿಯಲ್ಪಡುತ್ತದೆ. ಎಷ್ಟೋ ಕಡೆ ಕಹಿ ತಗ್ಗಲೆಂದು ಕ್ಷಾರದ ಸಂಸ್ಕಾರಕ್ಕೂ ಒಳಗಾಗುತ್ತದೆ. ಪ್ರತಿ ಹಂತದಲ್ಲಿಯೂ ಫ್ಲೇವನಾಲ್ ಕಡಿಮೆಯಾಗುತ್ತ ಹೋಗುತ್ತದೆ. 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಧಿಕ ಫ್ಲೇವನಾಲ್ ಉಳ್ಳ ಕೋಕೊ ಪುಡಿಯ ವಿಷಯದಲ್ಲಿ ಮಾತ್ರ, ಆಧಾರ ತೀರಾ ಸೀಮಿತವೆಂಬ ಎಚ್ಚರಿಕೆಯೊಡನೆ, ಹೃದಯದ ಆರೋಗ್ಯದ ಮಾತನ್ನು ಬಳಸಬಹುದೆಂದಿತು. ಸಾಮಾನ್ಯ ಕೋಕೊ ಪುಡಿಗಾಗಲಿ ಚಾಕೊಲೇಟಿಗಾಗಲಿ ಆ ಮಾತು ಅನ್ವಯಿಸದೆಂದೂ ಸ್ಪಷ್ಟಪಡಿಸಿತು. ಬೀಜಕ್ಕೆ ಸಲ್ಲುವ ಗುಣವನ್ನು ಮಿಠಾಯಿಯು ತನ್ನದೆಂದು ಹೇಳಿಕೊಂಡು ತಿರುಗುತ್ತಿದೆ.

ಇನ್ನು ಹಾನಿಯ ಪಕ್ಷ. ಹಾಲಿನ ಚಾಕೊಲೇಟಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯೇ. ಸೇರಿಸಿದ ಸಕ್ಕರೆ ಮೊದಲಾದವುಗಳಿಂದ ಬರುವ ಶಕ್ತಿ ದಿನದ ಒಟ್ಟು ಆಹಾರದ ಶೇ 10ಕ್ಕಿಂತ ಕಡಿಮೆ ಇರಬೇಕೆಂದೂ ಶೇ 5ಕ್ಕೆ, ಅಂದರೆ ಸುಮಾರು 25 ಗ್ರಾಮಿಗೆ ಇಳಿಸಿದರೆ ಇನ್ನೂ ಒಳಿತೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. 50 ಗ್ರಾಮಿನ ಒಂದು ಪಟ್ಟಿ ಆ ಮಿತಿಯನ್ನು ಒಂದೇ ಬಾರಿಗೆ ಮುಗಿಸಿಬಿಡುತ್ತದೆ. ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವು 2023ರಲ್ಲಿ ತಿಳಿಸಿದೆ. ಸಕ್ಕರೆ ಕಡಿಮೆಯಿರುವ ಕಪ್ಪು ಚಾಕೊಲೇಟಿಗೂ ಅದರದೇ ದೋಷಗಳಿವೆ. ಕೋಕೊ ಹೆಚ್ಚಿದಷ್ಟೂ ಸೀಸ ಮತ್ತು ಕ್ಯಾಡ್ಮಿಯಂ ಹೆಚ್ಚುವ ಸಂಭವವಿದೆ. ಒಂದು ಮಣ್ಣಿನಿಂದ ಬೇರಿನ ಮೂಲಕ ಬಂದರೆ, ಇನ್ನೊಂದು ಬೀಜ ಒಣಗಿಸುವಾಗ ಧೂಳಿನಿಂದ ಅಂಟುತ್ತದೆ. 2022ರಲ್ಲಿ ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಸಂಸ್ಥೆ 28 ಬಗೆಯ ಕಪ್ಪು ಚಾಕೊಲೇಟನ್ನು ಪರೀಕ್ಷಿಸಿದಾಗ ಎಲ್ಲದರಲ್ಲಿಯೂ ಈ ಲೋಹಗಳು ಕಂಡುಬಂದವು. ಅವುಗಳಲ್ಲಿ 23ನ್ನು ದಿನಕ್ಕೆ 28 ಗ್ರಾಮಿನಷ್ಟು ತಿಂದರೂ, ಎರಡರಲ್ಲಿ ಒಂದು ಲೋಹವಾದರೂ ಕ್ಯಾಲಿಫೋರ್ನಿಯಾ ರಾಜ್ಯದ ಮಿತಿಯನ್ನು ಮೀರುತ್ತಿತ್ತು.

ಹಾಗಾದರೆ ಚಾಕೊಲೇಟ್ ಒಳ್ಳೆಯದೋ ಕೆಟ್ಟದ್ದೋ? ಹೀಗೆ ಏಕಾಂತವಾಗಿ ಕೇಳಿದ ಪ್ರಶ್ನೆಗೆ ಏಕಾಂತವಾದ ಉತ್ತರವೇ ಬರುತ್ತದೆ, ಮತ್ತು ಅದು ತಪ್ಪಾಗಿರುತ್ತದೆ. ಜಿನಾಗಮವು ಯಾವ ವಸ್ತುವನ್ನೇ ಆಗಲಿ ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಾಲ್ಕರ ಅಪೇಕ್ಷೆಯಿಂದ ನೋಡಲು ಕಲಿಸಿದೆ. ದ್ರವ್ಯದಿಂದ ನೋಡಿದರೆ, ಕಹಿ ಕೋಕೊ ಪುಡಿ ಬೇರೆ, ಸಕ್ಕರೆಯಲ್ಲಿ ಅದ್ದಿದ ಪಟ್ಟಿ ಬೇರೆ. ಎರಡಕ್ಕೂ ಒಂದೇ ಹೆಸರು ಸಾಲದು. ಕ್ಷೇತ್ರದಿಂದ ನೋಡಿದರೆ, ಅದು ಸೇರುವ ಶರೀರ ಯಾವುದೆಂಬುದನ್ನು ವಿಚಾರಿಸಬೇಕು. ಮಧುಮೇಹಿಗೆ, ಎದೆಯುರಿಯುಳ್ಳವನಿಗೆ, ಆಕ್ಸಲೇಟಿನ ಮೂತ್ರಕೋಶದ ಕಲ್ಲಿನಿಂದ ಬಳಲಿದವನಿಗೆ, ಅದನ್ನು ತಿಂದೊಡನೆ ತಲೆಶೂಲೆ ಏಳುವವನಿಗೆ ಅದು ಹಿತವಲ್ಲ. ಇನ್ನೂ ಮುಂದೆ ಹೋದರೆ, ಮನುಷ್ಯನಿಗೆ ಉಲ್ಲಾಸ ಕೊಡುವ ಅದರ ಥಿಯೋಬ್ರೊಮಿನ್ ಎಂಬ ಅಂಶವೇ ನಾಯಿಗೆ ವಿಷ. ಪ್ರೀತಿಯಿಂದ ಎಸೆದ ಒಂದು ತುಂಡು ಮನೆಯ ಮೂಕಪ್ರಾಣಿಯ ಪ್ರಾಣಕ್ಕೇ ಎರವಾಗಬಹುದೆಂಬುದನ್ನು ದಯಾಧರ್ಮಿಗಳು ಮಕ್ಕಳಿಗೆ ತಪ್ಪದೆ ತಿಳಿಸಬೇಕು. ಕಾಲದಿಂದ ನೋಡಿದರೆ, ಊಟವಾದ ಮೇಲೆ ರಾತ್ರಿ ದೂರದರ್ಶನದ ಮುಂದೆ ಕುಳಿತು ಮೆಲ್ಲುವ ತುಂಡು ರಾತ್ರಿಭೋಜನ ತ್ಯಾಗವನ್ನು ಮುರಿಯುತ್ತದೆ. ಅದರಲ್ಲಿರುವ ಕೆಫೀನು ಎಳೆಯರ ನಿದ್ದೆಯನ್ನೂ ಕದಡುತ್ತದೆ. ಉಳಿದದ್ದು ಭಾವ. ಹಿರಿಯರ ಪ್ರಶ್ನೆಯ ಗಂಟು ಇದ್ದದ್ದು ಅಲ್ಲಿಯೇ.

ಜೈನಧರ್ಮವು ಶರೀರವನ್ನು ದ್ವೇಷಿಸುತ್ತದೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಆಚಾರ್ಯ ಸಮಂತಭದ್ರರ ಜೀವನದ ಪ್ರಸಿದ್ಧ ಕಥೆಯೊಂದನ್ನು ಪರಂಪರೆ ಕಾಪಾಡಿಕೊಂಡು ಬಂದಿದೆ. ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಿಯೂ ಅದು ಬರುತ್ತದೆ. ಅವರಿಗೆ ಭಸ್ಮಕವೆಂಬ ವ್ಯಾಧಿ ತಗುಲಿತು; ಉಂಡದ್ದೆಲ್ಲ ಕ್ಷಣದಲ್ಲಿ ಬೂದಿಯಾಗಿ ಹಸಿವೆಯೇ ಉಳಿಯುವ ರೋಗವದು. ಮುನಿಚರ್ಯೆಯ ಮಿತಾಹಾರದಲ್ಲಿ ಅದು ಶಮನವಾಗುವಂತಿರಲಿಲ್ಲ. ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮೊದಲು ರೋಗವನ್ನು ನೀಗಿಕೊಂಡು, ಬಳಿಕ ಮತ್ತೆ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರು. ರೋಗ ಕಳೆದ ಮೇಲೆ ಅವರು ಹಾಗೆಯೇ ಮಾಡಿದರು. ಶರೀರವು ಧರ್ಮಸಾಧನವಾದುದರಿಂದ ಅದರ ರಕ್ಷಣೆಯೂ ಧರ್ಮಕ್ಕೆ ಸೇರಿದ್ದೇ. ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವಿರುವುದೂ ಇದೇ ಕಾರಣದಿಂದ.

ಹಸಿವೆಯ ಉರಿಯನ್ನು ಹಾಗೆ ಸ್ವತಃ ಕಂಡರೆಂದು ಪರಂಪರೆ ಹೇಳುವ ಆಚಾರ್ಯರೇ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಗೃಹಸ್ಥನಿಗೆ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸಿದರು. ಒಮ್ಮೆ ಅನುಭವಿಸಿದರೆ ತೀರಿಹೋಗುವ ಅನ್ನ ಮೊದಲಾದುದು ಭೋಗ. ಮತ್ತೆ ಮತ್ತೆ ಬಳಸಬಹುದಾದ ವಸ್ತ್ರ ಮೊದಲಾದುದು ಉಪಭೋಗ. ಇವೆರಡಕ್ಕೂ ಗೃಹಸ್ಥನು ಒಂದು ಎಲ್ಲೆ ಹಾಕಿಕೊಳ್ಳಬೇಕು. ಜೀವನಪರ್ಯಂತ ಬಿಟ್ಟರೆ ಅದು ಯಮ. ಇಷ್ಟು ದಿನ, ಇಷ್ಟು ತಿಂಗಳೆಂದು ಕಾಲವನ್ನು ಗೊತ್ತುಮಾಡಿ ಬಿಟ್ಟರೆ ಅದು ನಿಯಮ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಔಷಧಕ್ಕೂ ಭೋಗಕ್ಕೂ ಒಂದು ಸಾಮ್ಯವಿದೆ. ಎರಡಕ್ಕೂ ಅಳತೆ ಬೇಕು. ಔಷಧದ ಅಳತೆಯನ್ನು ವೈದ್ಯನು ಗೊತ್ತುಮಾಡುತ್ತಾನೆ. ಭೋಗದ ಅಳತೆಯನ್ನು ವ್ರತಿಯೇ ಗೊತ್ತುಮಾಡಿಕೊಳ್ಳುತ್ತಾನೆ. ‘ಆರೋಗ್ಯಕ್ಕೆ ಒಳ್ಳೆಯದು’ ಎಂಬ ಒಕ್ಕಣೆ ಹೊತ್ತ ತಿಂಡಿಗೆ ಮಾತ್ರ ಈ ಎರಡು ಅಳತೆಗಳೂ ಇಲ್ಲ. ಅದು ವ್ರತದ ಎದುರಿಗೆ ಔಷಧವೆಂದು ನಿಲ್ಲುತ್ತದೆ, ವೈದ್ಯನ ಎದುರಿಗೆ ತಿಂಡಿಯೆಂದು ನಿಲ್ಲುತ್ತದೆ.

ತನಗೆ ತಾನೇ ಹೀಗೆ ಹೇಳಿಕೊಳ್ಳುವ ನೆಪಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ. ಅದು ನಾಲ್ಕು ಕಷಾಯಗಳಲ್ಲಿ ಮೂರನೆಯದಾದ ಮಾಯೆ. ಮಾಯೆಯೆಂದರೆ ಪರರನ್ನು ವಂಚಿಸುವುದಷ್ಟೇ ಎಂದು ಬಗೆಯಬಾರದು. ತನ್ನನ್ನು ತಾನೇ ವಂಚಿಸಿಕೊಳ್ಳುವುದು ಅದರ ಸೂಕ್ಷ್ಮ ರೂಪ. ಆರ್ಜವ, ಅಂದರೆ ನೇರತನ, ಅದಕ್ಕೆ ಮದ್ದು. ನಾಲಗೆ ಬೇಡಿತು, ಆದ್ದರಿಂದ ತಿಂದೆ ಎಂದು ಒಪ್ಪಿಕೊಂಡವನು ತನ್ನ ದೌರ್ಬಲ್ಯವನ್ನು ಕಂಡುಕೊಂಡಿದ್ದಾನೆ. ನಾಳೆಯಾದರೂ ಅದನ್ನು ಗೆದ್ದಾನು. ಹೃದಯಕ್ಕೆಂದು ತಿಂದೆ ಎನ್ನುವವನಿಗೆ ಗೆಲ್ಲಬೇಕಾದದ್ದೇನೂ ಕಾಣಿಸುವುದೇ ಇಲ್ಲ. ಚಾಕೊಲೇಟಿನ ಒಂದು ತುಂಡಿಗಿಂತ ಈ ಕುರುಡುತನದಿಂದ ಆತ್ಮಕ್ಕೆ ಆಗುವ ಹಾನಿ ಹೆಚ್ಚಿನದು.

ಬಾಹ್ಯ ತಪಗಳಲ್ಲಿ ಅನಶನ, ಅವಮೌದರ್ಯಗಳ ಬಳಿಕ ರಸಪರಿತ್ಯಾಗವನ್ನು ಹೇಳಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ ಬೆಲ್ಲಗಳು, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ರೂಢಿ. ಚಾಕೊಲೇಟನ್ನು ಈ ಕಣ್ಣಿನಿಂದ ನೋಡಿದರೆ ಅದರಲ್ಲಿ ಹಾಲು, ಸಕ್ಕರೆ, ಜಿಡ್ಡು ಎಂಬ ಮೂರೂ ಒಂದೇ ತುತ್ತಿನಲ್ಲಿ ಕೂಡಿವೆ. ಬಾಯೊಳಗಿಟ್ಟ ಕೂಡಲೇ ಕರಗುವ ಕೋಕೊ ಬೆಣ್ಣೆಯು ಜಗಿಯುವ ಶ್ರಮವನ್ನೂ ಉಳಿಸುತ್ತದೆ. ಮುನಿಗಳ ಆಹಾರವನ್ನು ಗಾಡಿಯ ಅಚ್ಚಿಗೆ ಎಣ್ಣೆ ಹಚ್ಚುವುದಕ್ಕೆ ಶಾಸ್ತ್ರವು ಹೋಲಿಸುತ್ತದೆ. ಗಾಡಿ ಸಾಗಲು ಬೇಕಾದಷ್ಟೇ ಎಣ್ಣೆ. ಹೆಚ್ಚು ಸುರಿದವನು ಗಾಡಿಯ ಹಿತವನ್ನು ಮರೆತವನು. ಗೃಹಸ್ಥನಿಗೆ ಅಷ್ಟು ಕಠಿನ ಚರ್ಯೆ ವಿಧಿಸಿಲ್ಲವಾದರೂ, ಆ ದಿಕ್ಕಿಗೆ ಮುಖ ಮಾಡಿ ನಿಲ್ಲುವುದು ಅವನಿಗೂ ವಿಹಿತ.

ದ್ರವ್ಯಶುದ್ಧಿಯ ಮಾತೂ ಇದೆ. ಪೊಟ್ಟಣದ ಮೇಲೆ ಹಸಿರು ಚಿಹ್ನೆ ಕಂಡೊಡನೆ ನಮ್ಮಲ್ಲಿ ಅನೇಕರು ನಿಶ್ಚಿಂತರಾಗುತ್ತಾರೆ. ನಮ್ಮ ದೇಶದ ಆಹಾರ ನಿಯಮಗಳಲ್ಲಿ ಜೇನನ್ನು, ಜೇನುಮೇಣವನ್ನು, ಹೊಳಪು ಬರಲು ಹಚ್ಚುವ ಅರಗನ್ನು ಮಾಂಸಾಹಾರದ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅರಗು ಕೀಟದಿಂದ ಬರುವ ಪದಾರ್ಥ. ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವನ್ನೇ ಮೂಲಗುಣಗಳಲ್ಲಿ ಎಣಿಸುವ ಶ್ರಾವಕನಿಗೆ ಹಸಿರು ಚಿಹ್ನೆಯೊಂದೇ ಸಾಲದು. ಕೆಲವು ದುಬಾರಿ ಚಾಕೊಲೇಟುಗಳ ಒಳಗೆ ಮದ್ಯವನ್ನೇ ತುಂಬಿರುತ್ತಾರೆ. ಕೋಕೊ ಬೀಜವನ್ನು ತಿರುಳಿನೊಡನೆ ಐದಾರು ದಿನ ಹುಳಿಯಲು ಬಿಡುತ್ತಾರೆಂಬುದೂ, ಆ ಅವಧಿಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಹುಟ್ಟಿ ಸಾಯುತ್ತವೆಂಬುದೂ ತಿಳಿದಿರಬೇಕು. ಚಲಿತರಸದ ವಿಷಯದಲ್ಲಿ ಕಟ್ಟುನಿಟ್ಟಾದ ವ್ರತವುಳ್ಳವರು ಇದನ್ನು ತಮ್ಮ ಗುರುಗಳ ಮುಂದಿಟ್ಟು ನಿರ್ಣಯಿಸಿಕೊಳ್ಳುವುದು ಮೇಲು.

ಇನ್ನೊಂದು ಹಿಂಸೆಯು ಪೊಟ್ಟಣದ ಮೇಲೆ ಕಾಣುವುದೇ ಇಲ್ಲ. ಜಗತ್ತಿನ ಕೋಕೊದಲ್ಲಿ ಅರ್ಧಕ್ಕೂ ಮಿಗಿಲಾದ ಪಾಲು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾಗಳಿಂದ ಬರುತ್ತದೆ. ಆ ಎರಡು ದೇಶಗಳ ಕೋಕೊ ಬೆಳೆಯುವ ಪ್ರದೇಶಗಳಲ್ಲಿ ಸುಮಾರು 15 ಲಕ್ಷಕ್ಕೂ ಹೆಚ್ಚು ಮಕ್ಕಳು ಬಾಲಕಾರ್ಮಿಕರಾಗಿ ದುಡಿಯುತ್ತಿದ್ದರೆಂದು ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಯನ ಸಂಸ್ಥೆಯು 2020ರಲ್ಲಿ ವರದಿ ಮಾಡಿತು. ಮಚ್ಚು ಹಿಡಿದು ಕಾಯಿ ಒಡೆಯುವುದು, ಭಾರ ಹೊರುವುದು, ಕೀಟನಾಶಕದ ನಡುವೆ ನಿಲ್ಲುವುದು ಅವರ ಕೆಲಸ. 2001ರಲ್ಲಿಯೇ ದೊಡ್ಡ ಕಂಪನಿಗಳು ಅತಿ ಘೋರವಾದ ಬಾಲಕಾರ್ಮಿಕ ಪದ್ಧತಿಯನ್ನು ಕೊನೆಗಾಣಿಸುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕಿದ್ದವು. ನಮ್ಮ ಶಾಸ್ತ್ರವು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ಮೂರಾಗಿ ಎಣಿಸುತ್ತದೆ. ಕೈಯಾರೆ ಮಾಡದಿದ್ದರೂ, ತಿಳಿದೂ ವಿಚಾರಿಸದೆ ಕೊಳ್ಳುವುದು ಅನುಮೋದನೆಗೆ ಬಲು ಹತ್ತಿರದ ದಾರಿ. ಬೀಜ ಎಲ್ಲಿಯದೆಂದು ನೋಡಿ ಕೊಳ್ಳುವುದು, ನಮ್ಮದೇ ನೆಲದ ಬೆಳೆಗಾರರ ಕೋಕೊ ಸಿಗುವಲ್ಲಿ ಅದನ್ನು ಆರಿಸುವುದು ನಮ್ಮಿಂದ ಸಾಧ್ಯವಾಗುವ ಅಹಿಂಸೆ. ತನ್ನ ಹೃದಯದ ಆರೋಗ್ಯವನ್ನು ಎಣಿಸುವವನು ಆ ಬಾಲಕನ ಬೆನ್ನನ್ನೂ ಒಮ್ಮೆ ನೆನೆಯಬೇಡವೇ?

ಇಷ್ಟನ್ನು ಹೇಳಿ ಚಾಕೊಲೇಟನ್ನು ಮಾತ್ರ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದರೆ ಅದೂ ಏಕಾಂತವೇ ಆದೀತು. ಪಾರಣೆಯ ದಿನದ ಲಾಡು, ಹಬ್ಬದ ಹೋಳಿಗೆ, ಮದುವೆಯ ಜಿಲೇಬಿಗಳಲ್ಲಿರುವ ಸಕ್ಕರೆ ಚಾಕೊಲೇಟಿನ ಸಕ್ಕರೆಗಿಂತ ಪುಣ್ಯವಂತವೇನಲ್ಲ. ಈಚೆಗೆ ಕೆಲವು ಕಡೆ ಪಾಠಶಾಲೆಯ ಮಕ್ಕಳು ಣಮೋಕಾರ ಮಂತ್ರವನ್ನು ಒಪ್ಪಿಸಿದೊಡನೆ ಕೈಗೊಂದು ಚಾಕೊಲೇಟ್ ಕೊಡುವ ರೂಢಿ ಕಾಣುತ್ತಿದೆ. ಹಿರಿಯರ ವಾತ್ಸಲ್ಯವನ್ನು ನಾನು ಆಕ್ಷೇಪಿಸಲಾರೆ. ಆದರೆ ಇಂದ್ರಿಯಗಳನ್ನು ಜಯಿಸಿದ ಜಿನರ ನಾಮವನ್ನು ಕಲಿತದ್ದಕ್ಕೆ ರಸನೇಂದ್ರಿಯಕ್ಕೆ ಬಹುಮಾನ ಕೊಟ್ಟರೆ, ಮಗುವಿನ ಮನಸ್ಸಿನಲ್ಲಿ ಮಂತ್ರವು ಉಳಿಯುತ್ತದೆಯೋ ತುಂಡು ಉಳಿಯುತ್ತದೆಯೋ ಎಂಬುದನ್ನು ಯೋಚಿಸಬೇಕು. ಒಂದು ಬಾಳೆಹಣ್ಣು, ಒಂದು ಪುಟ್ಟ ಕಥೆಪುಸ್ತಕ, ಪೂಜೆಯಲ್ಲಿ ಕಳಶ ಹಿಡಿಯುವ ಒಂದು ಅವಕಾಶ ಅದೇ ಸಂತೋಷವನ್ನು ಕೊಡಬಲ್ಲವು.

ಮರುದಿನ ಆ ಹಿರಿಯ ಶ್ರಾವಕರು ಬಂದಾಗ ನಾನು ಅವರಿಗೆ ಒಂದು ಪರೀಕ್ಷೆಯನ್ನು ಸೂಚಿಸಿದೆ. “ಸಕ್ಕರೆ, ಹಾಲು ಯಾವುದೂ ಸೇರದ ಕೋಕೊ ಪುಡಿ ಸಿಗುತ್ತದೆ. ವೈದ್ಯರು ಒಪ್ಪಿದರೆ ಅವರು ಹೇಳಿದಷ್ಟನ್ನು ಬಿಸಿನೀರಿನಲ್ಲಿ ಕದಡಿ, ಹಗಲಿನಲ್ಲಿ ಕುಡಿಯಿರಿ. ಅದು ಔಷಧ, ನಿಮ್ಮ ನಿಯಮಕ್ಕೆ ಅದರಿಂದ ಭಂಗವಿಲ್ಲ. ಕಹಿಯಾದ ಮದ್ದನ್ನು ಕುಡಿದವರು ಯಾರೂ ಎರಡನೆಯ ಲೋಟ ಕೇಳುವುದಿಲ್ಲ. ಆ ಕಹಿ ಬೇಡ, ಮೊಮ್ಮಗ ತಂದ ತುಂಡೇ ಬೇಕೆನಿಸಿದರೆ ಅದು ಭೋಗ. ಭೋಗವೆಂದೇ ಒಪ್ಪಿಕೊಂಡು ಪರ್ವ ಮುಗಿಯುವವರೆಗೆ ತಡೆಯಿರಿ, ಆಮೇಲೆ ಅಳತೆ ಹಾಕಿಕೊಂಡು ತಿನ್ನಿರಿ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. “ಕಹಿ ನನಗೆ ಬೇಡ ಪಂಡಿತರೇ. ನಾಲಗೆಯ ಆಸೆಯೇ ಸರಿ” ಎಂದರು. ಎಪ್ಪತ್ತು ದಾಟಿದ ಒಬ್ಬರು ಅಷ್ಟು ನೇರವಾಗಿ ನುಡಿದದ್ದನ್ನು ಕೇಳಿ, ಹಿಂದಿನ ಸಂಜೆಯ ನನ್ನ ಉಪನ್ಯಾಸಕ್ಕಿಂತ ಆ ಮಾತೇ ದೊಡ್ಡದೆನಿಸಿತು. ಕ್ಷಮಾವಾಣಿಯ ದಿನ ಭೇಟಿಯಾದಾಗ, ಪೆಟ್ಟಿಗೆ ಇನ್ನೂ ಬಿಚ್ಚಿಲ್ಲವೆಂದೂ, ಮುಂದೆ ಭಾನುವಾರ ಒಂದೇ ತುಂಡು, ಅದೂ ಮೊಮ್ಮಗನೊಡನೆ ಹಂಚಿಕೊಂಡು ಎಂದು ನಿಯಮ ಮಾಡಿಕೊಂಡಿರುವೆನೆಂದೂ ತಿಳಿಸಿದರು.

ಪೂರ್ತಿ ಬಿಡಬಲ್ಲವರು ಬಿಡಲಿ, ಅದು ಶ್ರೇಷ್ಠ. ಬಿಡಲಾರದವರು ಎಷ್ಟು, ಯಾವಾಗ, ಎಷ್ಟು ಕಾಲ ಎಂಬ ಮೂರನ್ನು ಗೊತ್ತುಮಾಡಿಕೊಂಡು ಜಿನಬಿಂಬದ ಮುಂದೆ ಸಂಕಲ್ಪಿಸಲಿ. ರೋಗವುಳ್ಳವರು ವೈದ್ಯರ ಮಾತನ್ನು ಮೀರದಿರಲಿ. ಯಾವ ಸ್ಥಿತಿಯಲ್ಲಿಯೂ ಭೋಗವನ್ನು ಭೋಗವೆಂದೂ ಔಷಧವನ್ನು ಔಷಧವೆಂದೂ ಕರೆಯುವ ನೇರತನ ನಮ್ಮನ್ನು ಬಿಟ್ಟು ಹೋಗದಿರಲಿ. ಸಂಯಮದ ದಾರಿಯಲ್ಲಿ ಗೃಹಸ್ಥನು ಇಡಬೇಕಾದ ಮೊದಲ ಹೆಜ್ಜೆ ಅದೇ.